ಗೆದ್ದ ಮರುದಿನ ಕೊಡಬೇಕಾದ ಅರ್ಜಿ

ಬಾಯಿ ಬಿಟ್ಟು ಕೇಳುವುದೂ ಒಂದು ವಿದ್ಯೆ. ನನಗೆ ಅದು ಹತ್ತಲಿಲ್ಲ. ಚಿಕ್ಕವನಿದ್ದಾಗ ಬಸ್ಸಿನಲ್ಲಿ ‘ಇಲ್ಲಿ ನಿಲ್ಲಸ್ರಿ’ ಎಂದು ಕಂಡಕ್ಟರನಿಗೆ ಹೇಳಲಾರದೆ ಮುಂದಿನ ಊರಿಗೆ ಹೋಗಿ ಇಳಿದು, ಹಿಂದಕ್ಕೆ ನಡೆದು ಬಂದವನು ನಾನು. ಹುಬ್ಬಳ್ಳಿಗೆ ಕನ್ಯೆ ನೋಡಲು ಹೋದಾಗ ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಳ್ಳಬೇಕೆನಿಸಿತ್ತು, ಕೇಳಲಿಲ್ಲ. ಆ ಕನ್ಯೆಯನ್ನೇ ಮದುವೆಯಾಗಿ ನಾಲ್ಕು ವರ್ಷವಾಯಿತು, ಇಂದಿಗೂ ಗಿರಿಜಾಳಿಗೆ ‘ಉಪ್ಪಿಟ್ಟು ಮಾಡು’ ಎಂದು ನೇರವಾಗಿ ಹೇಳುವುದಿಲ್ಲ. ‘ಮನ್ಯಾಗ ರವಾ ಹಳೇದಾಗ್ಯದೇನು?’ ಎಂದು ವಿಚಾರಿಸುತ್ತೇನೆ. ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿಲ್ಲದ ನಾನು ಮಸ್ಕತ್ತಿನಲ್ಲಿ ಆರು ವರ್ಷ ಹೇಗೋ ಬದುಕಿದೆ. ಆದರೆ ಕಳೆದ ಚಳಿಗಾಲದಲ್ಲಿ ಹದಿನೈದು ದಿನ ರಜೆ ಕೇಳುವ ಪ್ರಸಂಗ ಬಂತು. ಅದಕ್ಕಾಗಿ ಹಾಲೆಂಡಿನ ಹನ್ನೊಂದು ಹೆಣ್ಣುಮಕ್ಕಳ ಕಾಲನ್ನು ನಂಬಿ ಕುಳಿತೆ. ಹೀಗೆ ಮಾಡಿದವನು ಬಾಗಲಕೋಟೆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ರಜೆ ಬೇಕಾಗಿದ್ದು ಗಿರಿಜಾಳ ಹೆರಿಗೆಗೆ. ಚೊಚ್ಚಲು. ಏಳನೆಯ ತಿಂಗಳಲ್ಲಿ ಕುಬಸಕ್ಕೆಂದು ತವರಿಗೆ ಹೊರಟವಳು ವಿಮಾನ ನಿಲ್ದಾಣದಲ್ಲಿ ನನ್ನ ಅಂಗಿಯ ಗುಂಡಿ ಸರಿಮಾಡುತ್ತ, “ನನಗ ಏನೂ ತರಬ್ಯಾಡ್ರಿ. ಆವತ್ತ ಮಾತ್ರ ನೀವು ಬಂದಿರಬೇಕು. ಒಳಗ ಏನ್ ಬಿಡೂದಿಲ್ಲ ಅವರು, ಹೊರಗ ಅದೀರಿ ಅಂತ ಗೊತ್ತಿದ್ರ ನನಗ ಅಂಜಿಕಿ ಆಗೂದಿಲ್ಲ” ಎಂದಳು. ನಾಲ್ಕು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ. ನಾನು ಎದೆ ಉಬ್ಬಿಸಿ, “ಅದೇನ್ ದೊಡ್ಡ ಮಾತು, ನಾಳೇನ ಅರ್ಜಿ ಕೊಡ್ತೀನಿ” ಎಂದುಬಿಟ್ಟೆ.

ನಾಳೆಯೇ ಅರ್ಜಿ ಕೊಟ್ಟಿದ್ದರೆ ಈ ಪ್ರಬಂಧ ಬರೆಯುವ ಕಾರಣವಿರಲಿಲ್ಲ. ನಾಳೆ, ನಾಳೆ ಎನ್ನುತ್ತಲೇ ಒಂದು ತಿಂಗಳು ಕಳೆಯಿತು. ನಮ್ಮದು ಸಮುದ್ರದ ನೀರನ್ನು ಸಿಹಿ ಮಾಡುವ ಪಂಪುಗಳ ಕಂಪನಿ. ನನ್ನ ಅಡ್ಡಹೆಸರು ಅಂಗಡಿ, ಅಲ್ಲಿ ನಾನು ಸರ್ವಿಸ್ ಎಂಜಿನಿಯರ್. ನಮ್ಮೆಲ್ಲರ ರಜೆಗೆ ಸಹಿ ಹಾಕುವವರು ಮಾರಿಕೆ ಮೇಡಂ ಎಂಬ ಡಚ್ ಹೆಂಗಸು. ಐವತ್ತರ ಆಸುಪಾಸು, ಆರಡಿ ಎತ್ತರ, ಮಾತು ಕಡಿಮೆ. ಅವರ ಕೋಣೆಯ ಗೋಡೆಗೆ ಒಂದು ಹಸಿರು ಶಾಲು ತೂಗುಹಾಕಿದ್ದಾರೆ. ಅದು ಅವರೂರಿನ ಮಹಿಳಾ ಫುಟ್‌ಬಾಲ್ ತಂಡದ್ದು. ತಂಡದ ಹೆಸರು ಹೇಳಬೇಕೆಂದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರ ಹಾಗೆ ಎರಡು ಸಲ ಕೆರೆಯಬೇಕು. ಹುಟ್ಟಾ ಶಾಕಾಹಾರಿಯಾದ ನನಗೆ ಅದು ಸಾಧ್ಯವಾಗಲಿಲ್ಲ. ಆಫೀಸಿನಲ್ಲಿ ಅವರನ್ನು ನಾವು ‘ಹಸಿರು ಹುಡುಗಿಯರು’ ಎನ್ನುತ್ತಿದ್ದೆವು.

ಈ ಹುಡುಗಿಯರಿಗೂ ನಮ್ಮ ರಜೆಗೂ ಗಂಟು ಹಾಕಿದವರು ಸ್ಟೋರ್ ನೋಡಿಕೊಳ್ಳುವ ಸದಾಶಿವ ಶೆಟ್ಟರು. ಉಡುಪಿಯ ಕಡೆಯವರು. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ನನ್ನ ಮನೆಯ ಎದುರು ಬಾಗಿಲು ಅವರದು, ಆಫೀಸಿಗೆ ಹೋಗಿಬರುವುದೂ ಅವರ ಕಾರಿನಲ್ಲೇ. ಹಿಂದಿನ ವರ್ಷ ತಂಡ ಗೆದ್ದ ಮರುದಿನ ಅವರು ರಜೆ ಕೇಳಿದ್ದರಂತೆ. ಕೇಳಿದ್ದಕ್ಕಿಂತ ಮೂರು ದಿನ ಹೆಚ್ಚೇ ಸಿಕ್ಕಿತಂತೆ. ಸೋತ ಮರುದಿನ ಕೇಳಿದ ಸುವೈಕ್ ಸೈಟಿನ ಒಬ್ಬನಿಗೆ ಸಿಗಲೇ ಇಲ್ಲವಂತೆ. ಈ ಎರಡು ಉದಾಹರಣೆಗಳ ಮೇಲೆ ಶೆಟ್ಟರು ಒಂದು ಶಾಸ್ತ್ರವನ್ನೇ ಕಟ್ಟಿದರು. “ನೋಡಿ ಅಂಗಡಿಯವರೇ, ಗೆದ್ದರೆ ಮಾತ್ರ ಪೇಪರ್ ಕೊಡಿ. ಸೋತ ವಾರ ಕೊಟ್ಟಿರಾ, ಖಲಾಸ್. ಒಮ್ಮೆ ಇಲ್ಲ ಅಂದ್ರೆ ಮತ್ತೆ ಹೌದು ಅನ್ನುವ ಜಾತಿ ಅಲ್ಲ ಮಾರಾಯ್ರೆ ಅವರು” ಎಂದರು. ರಾಹುಕಾಲ ನೋಡದೆ ಗಡ್ಡ ಸಹ ಬೋಳಿಸಿಕೊಳ್ಳದ ಅಪ್ಪನ ಮಗ ನಾನು. ಇಷ್ಟು ಸಾಕಾಯಿತು.

ಅಂದಿನಿಂದ ನಾನು ಹಸಿರು ಹುಡುಗಿಯರ ಜಾತಕ ಬಿಚ್ಚಿ ಕುಳಿತೆ. ಒಂದು ಕಾಲಕ್ಕೆ ಲೀಗ್ ಗೆದ್ದವರು. ಕಪ್ ಫೈನಲ್ಲಿಗೆ ಎರಡು ಸಲ ಹೋಗಿ ಎರಡು ಸಲವೂ ಪೆನಾಲ್ಟಿಯಲ್ಲಿ ಸೋತವರು. ಯುರೋಪಿನ ದೊಡ್ಡ ಟೂರ್ನಿಗೂ ಹೋಗಿ, ದೊಡ್ಡವರ ಕೈಯಲ್ಲಿ ಚೆನ್ನಾಗಿ ಹೊಡೆಸಿಕೊಂಡು ಬಂದವರು. ಆಮೇಲೆ ಒಳ್ಳೊಳ್ಳೆಯ ಆಟಗಾರ್ತಿಯರನ್ನೆಲ್ಲ ಶ್ರೀಮಂತ ತಂಡಗಳು ಎತ್ತಿಕೊಂಡು ಹೋದವು. ಈಗ ಉಳಿದವರು ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಓಡುವುದರಲ್ಲಿ ಜಿಂಕೆಗಳು, ಗೋಲಿನ ಮುಂದೆ ಮಾತ್ರ ನನ್ನ ಹಾಗೆ, ಬೇಕಾದದ್ದು ಎದುರಿಗಿದ್ದರೂ ಸುಮ್ಮನೆ ನಿಲ್ಲುವವರು. ಆ ಲೀಗಿನಲ್ಲಿ ಕೊನೆಗೆ ಬಂದವರನ್ನು ಹೊರಗೆ ಹಾಕುವುದಿಲ್ಲವೆಂದು ಎಲ್ಲೋ ಓದಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಗಲ್ಫ್ ನೌಕರಿಯಲ್ಲಿ ಅಂಥ ನಿಯಮ ಎಲ್ಲಿದೆ?

ಅರ್ಜಿಯನ್ನು ಮೊದಲ ವಾರವೇ ಬರೆದು, ಮಡಿಕೆ ಬೀಳದಂತೆ ಫೈಲಿನಲ್ಲಿಟ್ಟುಕೊಂಡೆ. ಆ ಭಾನುವಾರ ಹುಡುಗಿಯರು ಮೂರು ಗೋಲು ತಿಂದರು. ಮರುದಿನ ಮೇಡಂ ನನ್ನನ್ನು ಕಂಡದ್ದೇ ಮುಖ ಗಂಟು ಹಾಕಿ ಒಳಗೆ ಹೋದರು. ಶೆಟ್ಟರು ಹುಬ್ಬು ಹಾರಿಸಿದರು. ಎರಡನೆಯ ವಾರ ಡ್ರಾ. ಡ್ರಾ ಆದರೆ ಫಲವೇನು ಎಂದು ಶಾಸ್ತ್ರದಲ್ಲಿ ಹೇಳಿರಲಿಲ್ಲ. ಶೆಟ್ಟರು ಕರಕ್ ಚಹಾ ಹೀರುತ್ತ ಬಹಳ ಹೊತ್ತು ಯೋಚಿಸಿ, “ರಿಸ್ಕ್ ಬೇಡ” ಎಂದು ತೀರ್ಪು ಕೊಟ್ಟರು. ಮೂರನೆಯ ವಾರ ಆಟವೇ ಇರಲಿಲ್ಲ. ನಾಲ್ಕನೆಯ ವಾರ ಮತ್ತೆ ಸೋಲು, ಅದೂ ಕೊನೆಯ ನಿಮಿಷದಲ್ಲಿ. ಆ ವೇಳೆಗೆ ನನಗೆ ನಿದ್ದೆ ಕೆಟ್ಟಿತ್ತು. ಪಂಪ್ ಪರೀಕ್ಷೆಯ ವರದಿಯಲ್ಲಿ ಒತ್ತಡ ಬರೆಯುವ ಜಾಗದಲ್ಲಿ ‘ಎರಡು–ಒಂದು’ ಎಂದು ಬರೆದು ಹರಿದುಹಾಕಿದ್ದೂ ಉಂಟು.

ಗಿರಿಜಾ ಫೋನಿನಲ್ಲಿ ದಿನವೂ ಕೇಳುವಳು, “ಅರ್ಜಿ ಕೊಟ್ರೇನ್ರಿ?”

“ಕೊಡ್ತೀನಿ. ಈ ವಾರ ಹುಡುಗ್ಯಾರು ಸ್ವಲ್ಪ ಕೈ ಕೊಟ್ರು.”

“ಯಾವ ಹುಡುಗ್ಯಾರು?”

ಎಂಟು ತಿಂಗಳು ತುಂಬಿದ ಹೆಂಡತಿಗೆ ಇದನ್ನು ಬಿಡಿಸಿ ಹೇಳುವುದು ಹೇಗೆ? ‘ಆಫೀಸಿನ ವಿಷಯ’ ಎಂದು ತೇಲಿಸಿದೆ. ಆಮೇಲೆ, “ಡಾಕ್ಟರು ಇನ್ನ ಎರಡು ವಾರ ಅದ ಅಂದಾರ. ನೀವು ಬರ್ತೀರಲ್ಲ?” ಎಂದಳು. ಬರುತ್ತೇನೆ ಎಂದೆ. ಮರುದಿನ ಫೈಲು ಹಿಡಿದು ಮೇಡಂ ಕೋಣೆಯ ಬಾಗಿಲವರೆಗೂ ಹೋದೆ. ಒಳಗಿಂದ ಅವರು ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟದ್ದು ಕಾಣಿಸಿತು. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆ.

ಐದನೆಯ ಭಾನುವಾರ. ನಮ್ಮಲ್ಲಿ ಭಾನುವಾರ ಕೆಲಸದ ದಿನ. ಸಂಜೆ ಆಫೀಸಿನಿಂದ ಬರುವುದಕ್ಕೂ ಅಲ್ಲಿ ಆಟ ಶುರುವಾಗುವುದಕ್ಕೂ ಸರಿಹೋಯಿತು. ನನ್ನ ಫೋನನ್ನು ಅವಲಕ್ಕಿ ಡಬ್ಬಿಗೆ ಆನಿಸಿಟ್ಟು ನಾನೂ ಶೆಟ್ಟರೂ ಕುಳಿತೆವು. ಅಲ್ಲಿ ಮಳೆ. ಹಸಿರು ಹುಡುಗಿಯರು ಕೆಸರಲ್ಲಿ ಬಿದ್ದು ಏಳುತ್ತ, ಎಂದೂ ಇಲ್ಲದ ಹಾಗೆ ಆಡುತ್ತಿದ್ದರು. ಐವತ್ತನೆಯ ನಿಮಿಷಕ್ಕೆ ಒಂದು ಗೋಲು! ಶೆಟ್ಟರು ತುಳುವಿನಲ್ಲಿ ಏನೋ ಕೂಗಿ ನನ್ನ ಬೆನ್ನಿಗೆ ಗುದ್ದಿದರು. ಅಷ್ಟರಲ್ಲಿ ಆಟ ನಿಂತು ಪರದೆಯ ತುಂಬ ನಮ್ಮ ಅತ್ತೆಯ ಹೆಸರು ಬಂತು. ಕಟ್ ಮಾಡಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಕಟ್.

“ಯಾರು ಮಾರಾಯ್ರೆ?”

“ಅತ್ತಿ. ಭಾನುವಾರ ಮಾಡ್ತಾರ, ಯಾವ ಉಪ್ಪಿನಕಾಯಿ ಕಳಸ್ಲಿ ಅಂತ.”

“ಆಮೇಲೆ ಮಾತಾಡಿ. ಈಗ ಕಾರ್ನರ್ ಉಂಟು.”

ಮೂರನೆಯ ಸಲ ಬಂದಾಗ ಸಿಟ್ಟಿನಿಂದಲೇ ಕಟ್ ಮಾಡಿದೆ. ಉಳಿದ ನಿಮಿಷಗಳನ್ನು ನಾನು ಉಸಿರಾಡದೆ ಕಳೆದೆ. ಸೀಟಿ ಊದಿತು. ಗೆದ್ದೆವು! ನಾನೂ ಶೆಟ್ಟರೂ ಅಪ್ಪಿಕೊಂಡು ಅಡುಗೆಮನೆಯವರೆಗೂ ಕುಣಿದು ಹೋದೆವು. ಆ ಸಂತೋಷದಲ್ಲೇ ಅತ್ತೆಗೆ ಫೋನು ಮಾಡಿ, “ಅತ್ತಿ, ಗೆದ್ವಿ! ನನಗ ರಜಾ ಸಿಗ್ತದ!” ಎಂದು ಕಿರುಚಿದೆ.

ಅತ್ತೆ ಮೆಲ್ಲಗೆ ಹೇಳಿದರು. “ಎಲ್ಲಿದ್ರಿ ನೀವು? ಗಿರಿಜಾಗ ಮಧ್ಯಾಹ್ನ ಒಮ್ಮಿಂದೊಮ್ಮೆಲೆ ಬ್ಯಾನಿ ಶುರುವಾತು. ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ. ಒಳಗ ಕರಕೊಂಡು ಹೋಗೂ ಮುಂದ ನಿಮ್ಮ ಜೋಡಿ ಒಂದ ಮಾತು ಆಡ್ತೀನಂದ್ಲು. ಅದಕ್ಕ ಮೂರು ಸಲ ಮಾಡಿದೆ.”

ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಶೆಟ್ಟರು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಫೋನನ್ನು ತೆಗೆದು ಬೋರಲು ಹಾಕಿ, ಚಹಾಕ್ಕೆ ನೀರಿಟ್ಟರು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಮರುದಿನ ಫೈಲನ್ನು ಮೇಡಂ ಮೇಜಿನ ಮೇಲಿಟ್ಟೆ. ಓದಿ, “ಮಗು ಯಾವಾಗ?” ಎಂದು ಕೇಳಿದರು.

“ನಿನ್ನೆ ಹುಟ್ಟಿತು.”

“ಮತ್ತೆ ನೀವು ಇಲ್ಲೇನು ಮಾಡುತ್ತಿದ್ದೀರಿ?” ಎಂದು ಅವರು ಎದ್ದೇ ನಿಂತರು. “ಮಗು ಹುಟ್ಟಿದರೆ ತಂದೆಗೆ ರಜೆ ಕಾನೂನಿನಲ್ಲೇ ಇದೆ, ಅಂಗಡಿ. ಅದಕ್ಕೆ ಸೇರಿಸಿ ನಿಮ್ಮ ವರ್ಷದ ರಜೆ ಹಾಗೇ ಉಳಿದಿದೆ. ನೀವು ತಿಳಿಸಿದ್ದರೆ ಸಾಕಿತ್ತು.” ಸಹಿ ಹಾಕುತ್ತ, “ಅಂದ ಹಾಗೆ, ನಿನ್ನೆ ನಮ್ಮವರೇನು ಮಾಡಿದರು?” ಎಂದರು.

“ನೀವು ನೋಡಲಿಲ್ಲವೇ?”

“ಈ ವರ್ಷ ನೋಡುವುದನ್ನೇ ಬಿಟ್ಟಿದ್ದೇನೆ, ಆ ಸೋಲು ನೋಡಲು ನನ್ನಿಂದಾಗದು. ನೀವು ನಮ್ಮವರ ಆಟ ನೋಡುತ್ತೀರೆಂದು ಶೆಟ್ಟಿ ಹೇಳಿದ್ದರು. ಸೋಮವಾರ ಬೆಳಿಗ್ಗೆ ನಿಮ್ಮ ಮುಖ ನೋಡಿದರೆ ಸಾಕು, ಸೋತಿದ್ದು ಗೊತ್ತಾಗುತ್ತಿತ್ತು. ಆಮೇಲೆ ಇಡೀ ದಿನ ನನ್ನ ಮನಸ್ಸೇ ಸರಿಯಿರುತ್ತಿರಲಿಲ್ಲ.”

ಐದು ವಾರ ನಾನು ಅವರ ಮುಖದಲ್ಲಿ ನೋಡಿ ಹೆದರಿದ್ದು ನನ್ನದೇ ಮುಖವನ್ನು. ಇದನ್ನು ಹೇಳಿದಾಗ ಶೆಟ್ಟರು ಶಾಸ್ತ್ರವನ್ನು ಬಿಟ್ಟುಕೊಡಲಿಲ್ಲ. “ಗೆದ್ದ ಮರುದಿನ ಸಹಿ ಬಿತ್ತೋ ಇಲ್ಲವೋ?” ಎಂದು ನನ್ನನ್ನೇ ಕೇಳಿದರು.

ಹುಬ್ಬಳ್ಳಿ ಮುಟ್ಟಿದಾಗ ಮಗಳಿಗೆ ಮೂರು ದಿನ. ಗಿರಿಜಾಳಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ. ಹುಡುಗಿಯರು, ಶಾಸ್ತ್ರ, ಕಾರ್ನರ್, ಕಟ್ ಮಾಡಿದ ಮೂರು ಫೋನು. ಅವಳು ನಗಬಹುದು ಎಂದುಕೊಂಡಿದ್ದೆ. ಅವಳು ಕೂಸಿನ ತಲೆಯ ಕುಲಾಯಿ ಸರಿಮಾಡುತ್ತ, “ಆ ಮಳ್ಯಾಗೂ ಅವರ ಆಟ ನೋಡಾಕ ಮಂದಿ ಬಂದಿದ್ರೇನ್ರಿ?” ಎಂದಳು.

“ಬಂದಿದ್ರು. ಛತ್ರಿ ಹಿಡಕೊಂಡು ನಿಂತಿದ್ರು.”

“ಛಲೋ ಆತು” ಎಂದಳು. “ನನ್ನ ಆಟಕ್ಕ ಅವ್ವ ಒಬ್ಬಾಕೀನ ಇದ್ಲು.”

ಅಷ್ಟು ಹೇಳಿ ಕೂಸನ್ನು ನನ್ನ ಕೈಗಿಟ್ಟು ಅತ್ತ ಹೊರಳಿ ಮಲಗಿದಳು. ತಪ್ಪಾಯಿತು ಎಂದು ಅವಳನ್ನು ಕ್ಷಮೆ ಕೇಳಬೇಕು. ಆವತ್ತು ದಣಿದಿದ್ದಳು, ಕೇಳಲಿಲ್ಲ. ಬಾಣಂತನ ಮುಗಿಸಿ ಅವಳು ಮಸ್ಕತ್ತಿಗೆ ಬಂದ ಮೇಲೆ ಕೂಸಿನಿಂದ ನಿದ್ದೆಗೇಡು, ಆಗಲೂ ಬೇಡವೆನಿಸಿತು. ಅವಳ ಮನಸ್ಸು ಹಗುರಾಗಿರುವ ಒಂದು ಒಳ್ಳೆಯ ದಿನ ನೋಡಿ ಕೇಳೋಣವೆಂದು ಕಾಯುತ್ತಿದ್ದೇನೆ. ಮಗಳಿಗೆ ಆಗಲೇ ನಾಲ್ಕು ಹಲ್ಲು ಬಂದಿವೆ.