ಲೋಕ ಮುಳುಗಿದ ಮೇಲೆ ಅತ್ತೆ-ಸೊಸೆ

ಹೊಸಪೇಟೆಯ ನಮ್ಮ ಮನೆಯ ಟಿ.ವಿ.ಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಲೋಕ ಮುಳುಗುತ್ತದೆ. ಮುಳುಗಿದಾಗಲೆಲ್ಲ ನಮ್ಮ ಅತ್ತೆ ಏನಾದರೊಂದು ಹೇಳಿಯೇ ಹೇಳುತ್ತಾರೆ.

ಪ್ರಳಯದ ನಂತರ ಅಳಿದುಳಿದ ನಾಲ್ಕು ಜನ ಬದುಕಲು ಒದ್ದಾಡುವ ಇಂಥ ಸಿನಿಮಾಗಳ ಹುಚ್ಚು ನನ್ನ ಯಜಮಾನರದು. ಅವರು ತೀರಿಕೊಂಡು ವರ್ಷವಾಯಿತು. ನೋಡುವುದನ್ನು ನಿಲ್ಲಿಸೋಣವೆಂದು ಅತ್ತೆಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಾರಿನ ಉಪ್ಪಿನಿಂದ ಫ್ಯಾನಿನ ವೇಗದವರೆಗೆ ಯಾವುದರಲ್ಲೂ ಹೊಂದದ ನಾವಿಬ್ಬರು ಒಪ್ಪಿದ್ದು ಇದೊಂದನ್ನೇ.

ಡಬ್ಬಿ ಊಟ

ಒಂದು ಸಿನಿಮಾದಲ್ಲಿ ನಾಯಕ ಹಾಳುಬಿದ್ದ ಅಂಗಡಿಗೆ ನುಗ್ಗಿ, ತುಕ್ಕು ಹಿಡಿದ ಡಬ್ಬಿಯನ್ನು ಕಲ್ಲಿನಿಂದ ಜಜ್ಜಿ ಒಡೆದು, ಒಳಗಿದ್ದುದನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದ. ಅತ್ತೆಗೆ ನೋಡಲಾಗಲಿಲ್ಲ. ಊರೆಲ್ಲ ನಾಶವಾಗಿದೆ, ಬೇರೇನೂ ಸಿಗುವುದಿಲ್ಲ ಎಂದು ಸಮಜಾಯಿಷಿ ಕೊಟ್ಟೆ.

"ಲೋಕ ಮುಳುಗಿದ್ದು ಅವನ ತಪ್ಪಲ್ಲ ಬಿಡು," ಎಂದರು. "ಮನ್ಯಾಗ ಒಂದು ಬುಟ್ಟಿ ಕಡಕ್ ರೊಟ್ಟಿ ಬಡಿದಿಡಲಿಲ್ಲಲ್ಲ, ಅದು ತಪ್ಪು."

ಒಪ್ಪಂದ

ಇನ್ನೊಂದರಲ್ಲಿ ಇಬ್ಬರು ಹೆಂಗಸರು. ಒಬ್ಬಳ ಹತ್ತಿರ ನೀರು, ಇನ್ನೊಬ್ಬಳ ಹತ್ತಿರ ಬಂದೂಕು. ನಂಬಿಕೆ ಮಾತ್ರ ಇಬ್ಬರಲ್ಲೂ ಇಲ್ಲ. ಮಲಗುವಾಗಲೂ ಒಂದು ಕಣ್ಣು ತೆರೆದೇ ಇರುತ್ತದೆ. ಇಷ್ಟು ಆಗದವರು ಜೊತೆಗೇಕೆ ಇದ್ದಾರೆ ಎಂದು ಅತ್ತೆ ಕೇಳಿದರು. ಬೇರೆಯಾದರೆ ಇಬ್ಬರೂ ಉಳಿಯುವುದಿಲ್ಲ, ಅದಕ್ಕೇ ಬೇಕೋ ಬೇಡವೋ ಒಟ್ಟಿಗಿದ್ದಾರೆ ಎಂದು ತರಗತಿಯಲ್ಲಿ ಪಾಠ ಮಾಡಿದಂತೆ ಬಿಡಿಸಿ ಹೇಳಿದೆ.

ಅತ್ತೆ ತೆರೆಯತ್ತ ಬೆರಳು ತೋರಿಸಿದರು.

"ಇಬ್ರಾಗ ಅತ್ತಿ ಯಾರು?"

ಕೆಂಪು ಧೂಳು

ಹೋದ ಭಾನುವಾರ ಕಂಪ್ಲಿಯಿಂದ ನಾದಿನಿಯೂ ಅವಳ ಗಂಡನೂ ಬಂದರು. ಅತ್ತೆಯನ್ನು ಇನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು. ನಮ್ಮಿಬ್ಬರಿಗೆ ಆಗಿಬರುವುದಿಲ್ಲವೆಂಬುದು ಬಂಧುಗಳಿಗೆಲ್ಲ ಗೊತ್ತಿರುವ ವಿಷಯ. ಇಲ್ಲೇ ಇರಿ ಎನ್ನಬೇಕೆಂದುಕೊಂಡೆ. ಆದರೆ ಎದ್ದುಹೋಗಿ ಚಹಾ ಮಾಡಿದೆ.

ಟಿ.ವಿ.ಯಲ್ಲಿ ಅಂದಿನ ಲೋಕ ಮುಳುಗಿಯಾಗಿತ್ತು. ಗಿಡಮರಗಳ ಮೇಲೆಲ್ಲ ಕೆಂಪು ಧೂಳು, ರಸ್ತೆ ತುಂಬ ಗುಂಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಜನ. ನಾದಿನಿಯ ಗಂಡ ಸಂಡೂರಿನ ಗಣಿಗೆ ಲಾರಿ ಓಡಿಸುವವರು. ಕಪ್ಪು ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಇದರಾಗ ಲೋಕ ಎಲ್ಲಿ ಮುಳುಗೈತ್ರಿ ಅಕ್ಕ? ನಾ ದಿನಾ ಹೋಗಿ ಬರೋ ರೋಡ ಇದು."

ಚೀಲ

ನಾದಿನಿ ಅಷ್ಟರಲ್ಲಿ ಅತ್ತೆಯ ಸೀರೆಗಳನ್ನು ಚೀಲಕ್ಕೆ ತುಂಬಿದ್ದಳು. ಸಿನಿಮಾ ಮುಗಿಯಲಿ ಎಂದು ಅತ್ತೆ ಕುಳಿತೇ ಇದ್ದರು. ತೆರೆಯ ಮೇಲೆ, ಅದುವರೆಗೆ ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಜಗಳವಾಡಿ ಹೊರಟುಹೋದ. ಅವನು ಗುಡ್ಡ ದಾಟುವಷ್ಟರಲ್ಲಿ ಎಲ್ಲಿಂದಲೋ ವಿಚಿತ್ರ ಪ್ರಾಣಿಗಳು ಬಂದು, ಉಳಿದವನನ್ನು ತಿಂದುಹಾಕಿದವು.

ಅತ್ತೆ ಎದ್ದು ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಏನಾಯಿತೆಂದು ನಾದಿನಿ ಕೇಳಿದಳು.

"ನೋಡ್ಲಿಲ್ಲೇನ? ನಾ ಹೋದ್ರ ಇಕಿನ್ನ ತಿಂತಾವು."

ನಾದಿನಿಯ ಗಂಡ ಸಮಾಧಾನವಾಗಿ, ಹೊಸಪೇಟೆಯಲ್ಲಿ ಅಂಥ ಪ್ರಾಣಿ ಒಂದೂ ಇಲ್ಲವೆಂದು ತಿಳಿಸಿ ಹೇಳಿದರು.

"ಹೆಂಗ ಬಂದಾವು?" ಎಂದರು ಅತ್ತೆ, ಸೀರೆ ಮಡಚುತ್ತ. "ನಾ ಇಲ್ಲಿ ಅದೀನಲ್ಲ."