ನೆತ್ತಿಗೆ ಹರಳೆಣ್ಣೆ, ಕೈಯಲ್ಲಿ ರಾಕೆಟ್

ಏಪ್ರಿಲ್ ಬಿಸಿಲಿಗೆ ಹೆದರಿ ಮನೆಯಲ್ಲಿ ಕೂರುವ ಗಂಡಸು ನಾನಲ್ಲ! ಕಡೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಹೀಗೆಂದು ಘೋಷಿಸಿದೆ. ಅಂದು ಮಧ್ಯಾಹ್ನ ಮೂರಕ್ಕೆ ಕ್ಲಬ್ಬಿನ ಟೆನಿಸ್ ಪಂದ್ಯ. ಹೆಸರು ಕೊಟ್ಟವರೇ ಇಬ್ಬರಾದ್ದರಿಂದ ನೇರವಾಗಿ ಫೈನಲ್. ಎದುರಾಳಿ ಅಜ್ಜಂಪುರದ ತಿಪ್ಪೇಶ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು.

ಹೆಂಡತಿ ಮಲ್ಲಿಕಾಂಬ ಮಜ್ಜಿಗೆ ಕಡೆಯುತ್ತಿದ್ದಳು.

"ಬೆಳಿಗ್ಗೆ ತಂಪೊತ್ನಲ್ಲಿ ಆಡಾಣ ಅಂದ್ನಂತೆ ತಿಪ್ಪೇಶ. ನೀವೇ ಬ್ಯಾಡ ಅಂದ್ರಂತೆ?"

"ಬಿಸ್ಲಿಗೆ ಅವ್ನು ಸುಸ್ತಾಗ್ಲಿ ಅಂತ ಕಣೇ."

"ಸುಸ್ತಾಗೋದು ಯಾರು ಅಂತ ನೋಡಾಣ. ಈ ಉಪ್ಪು ಹಾಕಿದ್ ಮಜ್ಜಿಗೆನಾದ್ರೂ ತಗೊಂಡ್ಹೋಗಿ."

ಮಜ್ಜಿಗೆ ಚೊಂಬು ಹಿಡಿದು ಕೋರ್ಟಿಗೆ ಹೋದರೆ ಮಾನ ಉಳಿಯುತ್ತದೆಯೇ? ನನ್ನ ಉಪಾಯವೇ ಬೇರೆ. ಬೇಸಿಗೆಯಲ್ಲಿ ನಮ್ಮಮ್ಮ ನೆತ್ತಿಗೆ, ಅಂಗಾಲಿಗೆ ಒಂದು ಚಮಚ ಹರಳೆಣ್ಣೆ ತಟ್ಟಿ ಮಲಗಿಸುತ್ತಿದ್ದಳು. ಒಂದು ಚಮಚಕ್ಕೆ ಮೈ ಅಷ್ಟು ತಂಪಾದರೆ ಅರ್ಧ ಬಾಟಲಿಗೆ ಎಷ್ಟಾಗಬೇಡ! ಬಾಗಿಲು ಹಾಕಿಕೊಂಡು ಸುರಿದುಕೊಂಡೆ. ಮೇಲೊಂದು ಟೋಪಿ, ಕೆಳಗೆ ಸಾಕ್ಸು, ಬೂಟು ಏರಿಸಿ ಯುದ್ಧಕ್ಕೆ ಹೊರಟೆ.

ಮೂರನೇ ಗೇಮಿನಲ್ಲಿ ತಿಪ್ಪೇಶ ಮಂಜು ಮಂಜಾದ. ಆಮೇಲೆ ನೆಟ್ಟೇ ಕಾಣಲಿಲ್ಲ. ಬಿಸಿಲು ಹೊಡೆದರೆ ಕಣ್ಣು ಮಂಜಾಗುತ್ತದೆಂದು ಪೇಪರಿನಲ್ಲಿ ಓದಿದ್ದೆ. ಹಣೆ ಒರೆಸಿಕೊಂಡು ಸರ್ವ್ ಮಾಡಿದರೆ ಚೆಂಡು ಇಲ್ಲೇ ಬಿತ್ತು, ರಾಕೆಟ್ ಹಾರಿ ತಿಪ್ಪೇಶನ ಕಾಲ ಬಳಿ ಬಿತ್ತು. ಕೈಯ ಬಲವೂ ಹೋಯಿತು! ಅದನ್ನು ತರಲು ಓಡಿದರೆ ಕಾಲು ಬೂಟಿನೊಳಗೇ ಜಾರಿ ದೊಪ್ಪನೆ ಬಿದ್ದೆ. ಕಣ್ಣು, ಕೈ, ಕಾಲು ಒಂದಾದ ಮೇಲೊಂದು ರಾಜೀನಾಮೆ ಕೊಟ್ಟಿದ್ದವು. ಸಾವಿಗೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ತಿಪ್ಪೇಶ ನನ್ನನ್ನು ಬೇವಿನ ಮರದ ನೆರಳಿಗೆ ಎಳೆದ. ಪಂದ್ಯ ನೋಡಲು ಬಂದಿದ್ದ ಮಲ್ಲಿಕಾಂಬ ಓಡಿ ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು. ಇಂಥ ಹೆಂಡತಿಗೆ ಸುಳ್ಳು ಹೇಳಿ ಸಾಯಬಾರದು ಎನ್ನಿಸಿತು.

"ಮಲ್ಲೀ, ಕ್ಷಮಿಸ್ಬಿಡೇ. ನಿನ್ ತಂಗಿ ಮನೆ ಗೃಹಪ್ರವೇಶದ ದಿನ ಆಫೀಸಲ್ಲಿ ಆಡಿಟ್ ಇರ್ಲಿಲ್ಲ. ತರೀಕೆರೇಲಿ ಸಿನಿಮಾ ನೋಡ್ತಿದ್ದೆ."

ಅಳು ನಿಂತಿತು.

"ಅವಳ ಮಗೂ ನಾಮಕರಣದ ದಿನ?"

"ಅವತ್ತೂ ಸಿನಿಮಾನೇ ಕಣೇ."

ಅಷ್ಟರಲ್ಲಿ ತಿಪ್ಪೇಶನ ಹೆಂಡತಿ, ಡಾಕ್ಟರ್ ಗಗನಾ, ನನ್ನ ನಾಡಿ ನೋಡಿದರು. ಟೋಪಿ, ಬೂಟು, ಸಾಕ್ಸು ತೆಗೆದು, ಹಣೆ, ಅಂಗಾಲು ಮುಟ್ಟಿ, ಬೆರಳು ಮೂಸಿದರು.

"ಹರಳೆಣ್ಣೆ ಕಣ್ರೀ ಇದು. ಕಣ್ಣಿಗಿಳಿದಿದೆ. ಕೈ ಜಾರಿದ್ದೂ ಇದಕ್ಕೇ, ಕಾಲು ಜಾರಿದ್ದೂ ಇದಕ್ಕೇ. ಮುಖ ತೊಳ್ಕೊಂಡು ಮಜ್ಜಿಗೆ ಕುಡೀರಿ, ಇನ್ಮೇಲೆ ಬೆಳಿಗ್ಗೆ ಹೊತ್ತು ಆಡಿ. ಬಿಸಿಲು ನಿಮ್ಗೆ ಏನೂ ಮಾಡಿಲ್ಲ. ಆರಾಮಾಗಿ ಮನೆಗೆ ಹೋಗ್ಬೋದು."

ಮಲ್ಲಿಕಾಂಬ ನನ್ನ ತಲೆಯನ್ನು ತೊಡೆಯಿಂದ ನೆಲಕ್ಕಿಳಿಸಿ, ಎದ್ದು ಸೆರಗು ಸಿಕ್ಕಿಸಿದಳು.

"ನಡೀರಿ ಮನೆಗೆ."

ನಾನು ಡಾಕ್ಟರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮೇಡಂ, ದಮ್ಮಯ್ಯ, ಒಂದ್ನಾಲ್ಕು ದಿನ ಅಡ್ಮಿಟ್ ಮಾಡ್ಕೊಳ್ಳಿ."