ಎಡ ರೆಕ್ಕೆಯ ಒಂದು ಗರಿ

ಮಾಂಸ ತಿನ್ನದವರಿಗೆ ಒಂದು ಸುಖವಿದೆ. ಏನೂ ಮಾಡದೆ ಕುಳಿತಲ್ಲೇ ಪುಣ್ಯವಂತರಾಗಿಬಿಡಬಹುದು. ನಾಲ್ಕನೇ ಈಯತ್ತೆಗೇ ಶಾಲೆ ಬಿಟ್ಟ ನನಗೆ ಮೆರೆಯಲು ಬೇರೇನೂ ಇಲ್ಲದ್ದರಿಂದ ಈ ಪುಣ್ಯವನ್ನೇ ಮೆರೆಸಿಕೊಂಡು ಬಂದೆ. ಹೈದರಾಬಾದಿನ ರಸ್ತೆಯಲ್ಲಿ ಬಿರಿಯಾನಿಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವುದು, ಮುಚ್ಚಿಕೊಂಡದ್ದು ನಾಲ್ಕು ಜನಕ್ಕೆ ಕಾಣುವಂತೆ ನಿಲ್ಲುವುದು, ಇವೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು. ಪಕ್ಕದ ಶೆಡ್ಡಿನ ಫಾತಿಮಾಬೀ ಕೋಳಿ ಬೇಯಿಸಿದ ದಿನ ಸದ್ದಾಗುವ ಹಾಗೆ ಕಿಟಕಿ ಮುಚ್ಚುತ್ತಿದ್ದೆ. ಆಕೆ ಮರುದಿನವೂ ನಗುತ್ತಲೇ ಸಲಾಮು ಹೇಳುತ್ತಿದ್ದಳು. ಅದರಿಂದ ನನಗೆ ಇನ್ನಷ್ಟು ಸಿಟ್ಟು.

ಮಾಧಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ ಅದು. ಹುಮನಾಬಾದ್ ಕಡೆಯ ನಮ್ಮ ಜನ ಅವಕ್ಕೆ ಕಲ್ಲುಮಣ್ಣು ಹೊರುತ್ತಿದ್ದಾಗ ನನಗೆ ನೆರಳಿನ ಕೆಲಸ ಸಿಕ್ಕಿತು. ಕಂಪ್ಯೂಟರಿನವರು ಸಂಜೆ ಬೆವರು ಹರಿಸಲು ಬರುವ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ನೆಲ ಒರೆಸುವುದು, ನೆಟ್ ಕಟ್ಟುವುದು, ಶಟಲ್ ಒದಗಿಸುವುದು. ಶಟಲ್ ಎಂದರೆ ಒಂದು ಬಿರಡೆಗೆ ಸುತ್ತಲೂ ಚುಚ್ಚಿದ ಹದಿನಾರು ಬಾತುಕೋಳಿ ಗರಿ. ಎಲ್ಲವೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಇಲ್ಲದಿದ್ದರೆ ಅದು ನೆಟ್ಟಗೆ ಹಾರುವುದಿಲ್ಲ. ಜೋರಾಗಿ ಬಾರಿಸುವವರ ಕೈಗೆ ಸಿಕ್ಕರೆ ಒಂದು ಆಟ ಮುಗಿಯುವಷ್ಟರಲ್ಲಿ ಅದರ ಆಯುಷ್ಯವೂ ಮುಗಿಯಿತು. ನಾನು ಹೊಸ ಶಟಲ್‌ಗಳಿಗೆ ಚಹಾದ ಕೆಟಲಿನ ಆವಿ ಹಿಡಿದು ಗಟ್ಟಿ ಮಾಡುತ್ತಿದ್ದೆ. ಸತ್ತವುಗಳ ಗರಿ ಕಿತ್ತು ಗಾಯಗೊಂಡವಕ್ಕೆ ಅಂಟಿಸುತ್ತಿದ್ದೆ. ಇದನ್ನು ನೋಡಿದ, ದಿನವೂ ಆಡಲು ಬರುವ ಮೂರ್ತಿ ಸಾಹೇಬರು ನನ್ನನ್ನು ‘ಡಾಕ್ಟ್ರೇ’ ಎಂದು ಕರೆಯತೊಡಗಿದರು. ಬೆಂಗಳೂರು ಕಡೆಯ ದೊಡ್ಡ ಮ್ಯಾನೇಜರು, ನನ್ನ ಹಾಗೇ ಮೊಟ್ಟೆಯನ್ನೂ ಮುಟ್ಟದವರು. ನಮ್ಮ ಕ್ಯಾಂಟೀನಿನಲ್ಲಿ ಆಮ್ಲೆಟ್ ನಿಲ್ಲಿಸಿದವರೂ ಅವರೇ. ಅವರು ಡಾಕ್ಟ್ರೇ ಅಂದಾಗಲೆಲ್ಲ ನಾನು ಅರ್ಧ ಅಡಿ ಎತ್ತರವಾಗುತ್ತಿದ್ದೆ.

ಹಾಲ್‌ನ ಹಿಂದಿನ ಶೆಡ್ಡಿನಲ್ಲಿ ನಾನು, ತಂಗಿ ಶರಣವ್ವ, ಅವಳ ಬಾತುಕೋಳಿ. ಗಂಡ ಬಿಟ್ಟ ಮೇಲೆ ಅವಳು ಮಾತನ್ನೂ ಬಿಟ್ಟು ನನ್ನಲ್ಲಿಗೆ ಬಂದಿದ್ದಳು. ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೇ. ಒಮ್ಮೆ ಕಟ್ಟಡದ ಕೆಲಸ ಮುಗಿಸಿ ಗುಡಿಸಲು ಎತ್ತಿದವರು ಬಿಟ್ಟುಹೋದ ಬಿಳಿ ಬಾತುಕೋಳಿಯೊಂದು ಅವಳ ಹಿಂದೆಯೇ ಮನೆಗೆ ಬಂತು. ಅದನ್ನು ಬೈಯಲು ಬಾಯಿ ತೆರೆದಳು. ಆಮೇಲೆ ಅದಕ್ಕೆ ಕಥೆ ಹೇಳತೊಡಗಿದಳು. ಸ್ವಲ್ಪ ದಿನಕ್ಕೆ ಆ ಮಾತು ನನ್ನವರೆಗೂ ಬಂತು. ತಂಗಿಗೆ ನಾನು ಕೊಡಿಸಲಾಗದ ಮಾತನ್ನು ಒಂದು ಬಾತುಕೋಳಿ ಕೊಡಿಸಿತ್ತು.

ಒಂದು ಸಂಜೆ ಹಾಲ್‌ನಲ್ಲಿ ಶಟಲ್ ಡಬ್ಬಿಗಳೆಲ್ಲ ಖಾಲಿ. ಸತ್ತವನ್ನೂ ಬೆಳಿಗ್ಗೆಯೇ ಗುಡಿಸಿ ಎಸೆದಿದ್ದೆ. ಮೂರ್ತಿ ಸಾಹೇಬರು ಗೆಲ್ಲುತ್ತಿದ್ದ ಹೊತ್ತಿಗೆ ಕೊನೆಯ ಶಟಲ್‌ನ ಗರಿ ಮುರಿಯಿತು. ‘ಒಂದ್ ಗರಿ ತಾನೇ ಡಾಕ್ಟ್ರೇ, ಏನಾದ್ರೂ ಮಾಡಿ’ ಅಂದರು. ಏನಾದರೂ ಮಾಡಲು ಹಿತ್ತಲಿಗೆ ಹೋದೆ. ಶರಣವ್ವ ನೀರಿಗೆ ಹೋಗಿದ್ದಳು. ಬಾತುಕೋಳಿ ನನ್ನನ್ನು ಕಂಡು ಕಾಳು ಹಾಕುತ್ತಾನೆಂದು ತಾನಾಗಿಯೇ ಹತ್ತಿರ ಬಂತು. ಅದನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಮುರಿದದ್ದು ಎಡಗಡೆಯ ಗರಿಯಾದ್ದರಿಂದ, ಎಡ ರೆಕ್ಕೆ ಬಿಡಿಸಿದೆ. ಮೊದಲ ಎಳೆತಕ್ಕೆ ಬರಲಿಲ್ಲ. ಎರಡನೆಯದಕ್ಕೆ ಬುಡದ ರಕ್ತದೊಂದಿಗೆ ಬಂತು. ರಕ್ತ ಒರೆಸಿ, ಗರಿ ಕತ್ತರಿಸಿ ಅಂಟಿಸಿ ಕೊಟ್ಟೆ. ಸಾಹೇಬರು ಎರಡು ಸಲ ಬಾರಿಸಿದರು. ಹಸಿ ಗರಿಯ ಭಾರಕ್ಕೆ ಅದು ಕುಡುಕನ ಹಾಗೆ ಓಲಾಡಿತು. ಮೂಲೆಗೆ ಎಸೆದು ಮನೆಗೆ ಹೋದರು.

ಶೆಡ್ಡಿಗೆ ಬಂದಾಗ ಶರಣವ್ವ ಬಾತುಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ‘ಯಾರ್ ಮಾಡ್ಯಾರ ಅಣ್ಣಾ ಇದು?’

‘ಫಾತಿಮಾಬೀ ಬೆಕ್ಕು’ ಅಂದೆ. ‘ಮಾಂಸದ ರುಚಿ ಕಂಡದ್ದು ಸುಮ್ಕ ಇರ್ತದೇನು?’

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಿಜವೆನಿಸಿತು. ಮರುದಿನ ಡಬ್ಬಿ ತಂದ ಸುಲ್ತಾನ್ ಬಜಾರಿನ ವ್ಯಾಪಾರಿಯನ್ನು, ಈ ಗರಿಗಳೆಲ್ಲ ಉದುರಿದವೇ ಅಲ್ಲವೇ ಎಂದು ಕೇಳಿದೆ. ಹೌದೆಂದರೆ ಮನಸ್ಸು ಹಗುರಾಗುತ್ತಿತ್ತು. ಅವನು ನಕ್ಕ. ಕೊಯ್ದ ಹಕ್ಕಿಯದೂ ಇರುತ್ತದೆ. ಮತ್ತೆ ಬೆಳೆಯುತ್ತದಲ್ಲ, ಜೀವಂತ ಹಕ್ಕಿಯದನ್ನೂ ಕೀಳುವವರಿದ್ದಾರೆ. ಡಬ್ಬಿಯ ಮೇಲೆ ಅದನ್ನೆಲ್ಲ ಯಾರು ಬರೆಯುತ್ತಾರೆ ಎಂದ. ನಾನು ಡಬ್ಬಿಗಳನ್ನು ಒಳಗೆ ಜೋಡಿಸಿಟ್ಟೆ. ಎಲ್ಲೋ ಯಾರದೋ ಮೊಣಕಾಲುಗಳ ನಡುವೆ ಇಂಥವೇ ಹಕ್ಕಿಗಳು ಕಣ್ಣಿಗೆ ಬಂದವು. ಅಲ್ಲಿ ಕುಳಿತವನಿಗೂ ನನ್ನದೇ ಮುಖ.

ಸಂಜೆ, ಶರಣವ್ವನಿಂದ ವಿಷಯ ತಿಳಿದ ಫಾತಿಮಾಬೀ ಗಾಯಕ್ಕೆ ಅರಿಸಿನ ಹಿಡಿದು ಬಂದಳು. ತನ್ನ ಬೆಕ್ಕಿನ ಪರವಾಗಿ ಅವಳೇ ತಪ್ಪಾಯಿತು ಅಂದಳು. ನಾನು ದೊಡ್ಡ ಮನಸ್ಸು ಮಾಡಿ, ಇರಲಿ ಅಂದೆ. ಹಚ್ಚುವಾಗ ಹಿಡಿದುಕೋ ಎಂದು ಶರಣವ್ವ ಬಾತುಕೋಳಿಯನ್ನು ನನ್ನ ಕೈಗೆ ಕೊಟ್ಟಳು. ಅದು ಕೊರಳು ಚಾಚಿ ಕಿರುಚಿತು, ರೆಕ್ಕೆಯಿಂದ ನನ್ನ ಮುಖಕ್ಕೆ ಬಡಿಯಿತು, ಮೈತುಂಬ ಹೊಲಸು ಮಾಡಿತು. ಫಾತಿಮಾಬೀ ಅದನ್ನು ಮೆಲ್ಲಗೆ ಎತ್ತಿಕೊಂಡಳು. ಕೋಳಿ ಬೇಯಿಸುವ ಆ ಕೈಗಳಲ್ಲಿ ಅದು ಮೊಣಕೈಯೊಳಗೆ ತಲೆ ಹುದುಗಿಸಿ ಸುಮ್ಮನಾಯಿತು. ಬೆಕ್ಕು ಅಲ್ಲೇ ಕಾಲ ಬಳಿ ಸುಳಿದಾಡುತ್ತಿತ್ತು. ಬಾತುಕೋಳಿ ಅದರತ್ತ ನೋಡಲೂ ಇಲ್ಲ.

ಶರಣವ್ವ ಬೆಕ್ಕನ್ನು ನೋಡಿದಳು. ಆಮೇಲೆ ನನ್ನನ್ನು.

‘ಅಣ್ಣಾ, ನೀ ಒಳಗ ನಡಿ. ಅದು ನಿನ್ನ ಕಂಡ್ರ ಅಂಜ್ತದ.’

ಅವಳು ನನ್ನೊಡನೆ ಆಡಿದ ಮಾತು ಅದೇ ಕೊನೆ. ಈಗಲೂ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬಡಿಸುತ್ತಾಳೆ. ಇನ್ನೊಂದು ಬೇಕೇ ಎಂದು ಕೇಳುವುದಿಲ್ಲ. ಬಾತುಕೋಳಿಯ ಜೊತೆ ಮಾತಾಡುತ್ತಾಳೆ, ಫಾತಿಮಾಬೀ ಜೊತೆ ನಗುತ್ತಾಳೆ, ಬೆಕ್ಕಿಗೂ ಕರೆದು ಹಾಲು ಹಾಕುತ್ತಾಳೆ. ನಾನು ಡಬ್ಬಿ ಬಿಚ್ಚುವ ಕೆಲಸ ಬಿಟ್ಟಿಲ್ಲ. ಅವಳೆದುರು ನಿಂತು ತಪ್ಪಾಯಿತು ಅನ್ನಬೇಕೆಂದು ದಿನವೂ ಹಾಲ್‌ನಿಂದ ಹೊರಡುತ್ತೇನೆ. ಶೆಡ್ಡು ಹತ್ತಿರವಾದಂತೆ, ಅಕಸ್ಮಾತ್ ಅವಳೇ ಕೇಳಿಬಿಟ್ಟರೆ ಬೆಕ್ಕು ಎಂದೇ ಗಟ್ಟಿಯಾಗಿ ಹೇಳಬೇಕೆಂದು ಸಿದ್ಧವಾಗುತ್ತೇನೆ. ಅವಳು ಕೇಳುವುದಿಲ್ಲ.